ಗುಳಿಗೆ ಮುಗಿದ ಮೇಲೂ ಉಳಿಯುವ ಕಫ

ಕ್ಷಯರೋಗದ ಗುಳಿಗೆಗಳನ್ನು ತಪ್ಪದೆ ನುಂಗಿ ಮುಗಿಸಿದವರ ಕಾರ್ಡಿನ ಮೇಲೆ ಕೊನೆಗೊಂದು ದಿನ ‘ಗುಣಮುಖ’ ಎಂದು ಬರೆಯುತ್ತಾರೆ. ಕಫದಲ್ಲಿ ರೋಗಾಣು ಇಲ್ಲ, ಮನೆಯವರಿಗೆ ಅಂಟುವ ಭಯವಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಕಡತ ಅಲ್ಲಿಗೆ ಮುಗಿಯಿತು. ಆದರೆ ರೋಗಾಣು ತೊಲಗಿದ ಶ್ವಾಸಕೋಶವೂ ರೋಗಾಣು ಎಂದೂ ಹೊಕ್ಕದ ಶ್ವಾಸಕೋಶವೂ ಒಂದೇ ಅಲ್ಲ. ಬೆಂಕಿ ಆರಿತು ಎಂದು ಹೊರಟುಹೋದವರು, ಮನೆಯ ತೊಲೆ ಜಂತಿಗಳಲ್ಲಿ ಎಷ್ಟು ಉಳಿದಿವೆ ಎಂದು ಒಳಹೊಕ್ಕು ನೋಡಿರುವುದಿಲ್ಲ. ಹೀಗೆ ಗುಣಮುಖರಾದವರಲ್ಲಿ ಅನೇಕರು ಬೆಳಿಗ್ಗೆ ಎದ್ದೊಡನೆ ಅರ್ಧ ಲೋಟದಷ್ಟು ಕಫ ಕೆಮ್ಮುತ್ತಾ ವರ್ಷಗಟ್ಟಲೆ ಬದುಕುತ್ತಾರೆ. ಈ ಕಫವನ್ನು ಹೊರಹಾಕುವುದು ಕಲಿಯಬೇಕಾದ, ಕಲಿಸಬಹುದಾದ ಒಂದು ವಿದ್ಯೆ. ಅದಕ್ಕೆ ಶತಮಾನಕ್ಕೂ ಮೀರಿದ ಚರಿತ್ರೆ ಇದೆ. ಅದಕ್ಕೆಂದೇ ರೂಪುಗೊಂಡ ಸಾಧನಗಳೂ ಇವೆ. ನಮ್ಮ ಬಹುಪಾಲು ರೋಗಿಗಳ ಕಿವಿಗೆ ಮಾತ್ರ ಅದರ ಸುದ್ದಿಯೇ ಬಿದ್ದಿಲ್ಲ ಎಂಬುದು ನನ್ನ ತಕರಾರು.

ನಾನು ವೈದ್ಯನಲ್ಲ. ಪದವಿ ಕಾಲೇಜೊಂದರಲ್ಲಿ ಮೂರು ದಶಕ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. 1991ರಲ್ಲಿ ನನಗೆ ಕ್ಷಯ ತಗಲಿತು. ಔಷಧಿಯಿಂದ ವಾಸಿಯೂ ಆಯಿತು. ಆ ಬಳಿಕ ಹದಿನೆಂಟು ವರ್ಷಗಳ ಕಾಲ ನನ್ನ ಕ್ಯಾಲೆಂಡರು ಒಂದೇ ತೆರನಾಗಿತ್ತು. ವರ್ಷಕ್ಕೆ ಮೂರು ನಾಲ್ಕು ಬಾರಿ ಜ್ವರ, ಹಸಿರು ಬಣ್ಣದ ಕಫ, ಒಂದು ಸುತ್ತು ಆಂಟಿಬಯಾಟಿಕ್, ಒಂದು ಬಾಟಲಿ ಕೆಮ್ಮಿನ ಸಿರಪ್. ಒಮ್ಮೆಯಂತೂ ಎಕ್ಸ್‌ರೇಯಲ್ಲಿದ್ದ ಹಳೆಯ ಕಲೆಯನ್ನೇ ಹೊಸ ಕ್ಷಯವೆಂದು ಬಗೆದು, ಕಫ ಪರೀಕ್ಷೆಯ ವರದಿಗೂ ಕಾಯದೆ ಮತ್ತೆ ಕ್ಷಯದ ಗುಳಿಗೆಗಳನ್ನು ಬರೆದುಕೊಟ್ಟರು. ತರಗತಿಯಲ್ಲಿ ಕೆಮ್ಮು ಒತ್ತರಿಸಿ ಬಂದಾಗ ಮುಂದಿನ ಬೆಂಚಿನ ಹುಡುಗರು ಮೆಲ್ಲಗೆ ಹಿಂದಕ್ಕೆ ಸರಿಯುವುದನ್ನು ಕಂಡೂ ಕಾಣದವನಂತೆ ಕಪ್ಪು ಹಲಗೆಯ ಕಡೆ ತಿರುಗುತ್ತಿದ್ದೆ. 2009ರಲ್ಲಿ ಸಿ.ಟಿ. ಸ್ಕ್ಯಾನ್ ಆದ ಮೇಲೆ ನನ್ನ ಕಾಯಿಲೆಗೆ ‘ಬ್ರಾಂಕಿಯೆಕ್ಟಾಸಿಸ್’ ಎಂಬ ಹೆಸರು ಸಿಕ್ಕಿತು. ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿಹೋಗಿವೆ ಎಂದು ಅದರ ಅರ್ಥ. ಅದೇ ವಾರ, ಓದು ಮುಗಿಸಿ ಹೆಚ್ಚು ಕಾಲವಾಗಿರದ ಫಿಸಿಯೋಥೆರಪಿಸ್ಟ್ ಯುವತಿಯೊಬ್ಬರು ನನ್ನೆದುರು ಕುಳಿತು ಮುಕ್ಕಾಲು ಗಂಟೆ ಉಸಿರು ಬಿಡುವುದನ್ನು ಕಲಿಸಿದರು. ಆ ಮುಕ್ಕಾಲು ಗಂಟೆ ನನಗೆ 1991ರಲ್ಲಿಯೇ ಸಿಗಬಹುದಾಗಿತ್ತು. ಆಕೆ ಕಲಿಸಿದ್ದರಲ್ಲಿ 1991ಕ್ಕೆ ಗೊತ್ತಿರದಿದ್ದ ಸಂಗತಿ ಒಂದೂ ಇರಲಿಲ್ಲ.

ವಿಷಯ ತಿಳಿಯಲು ಶ್ವಾಸಕೋಶದ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಆರೋಗ್ಯವಂತರ ಶ್ವಾಸನಾಳದ ಒಳಮೈಗೆ ಲೋಳೆಯ ತೆಳು ಲೇಪವಿದೆ. ಉಸಿರಿನೊಂದಿಗೆ ಒಳಬರುವ ಧೂಳು, ಹೊಗೆ, ರೋಗಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಲೇಪದ ಅಡಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು, ಗಾಳಿಗೆ ತೊನೆಯುವ ಪೈರಿನಂತೆ, ಸೆಕೆಂಡಿಗೆ ಹತ್ತು ಹದಿನೈದು ಸಲ ಬೀಸುತ್ತಾ ಆ ಲೋಳೆಯನ್ನು ನಿಮಿಷಕ್ಕೆ ಕೆಲವೇ ಮಿಲಿಮೀಟರಿನ ವೇಗದಲ್ಲಿ ಗಂಟಲಿನತ್ತ ಸಾಗಿಸುತ್ತವೆ. ಅಲ್ಲಿಗೆ ಬಂದದ್ದನ್ನು ನಮ್ಮ ಅರಿವಿಗೇ ಬಾರದಂತೆ ನುಂಗಿಬಿಡುತ್ತೇವೆ. ಕ್ಷಯವೋ ಬಾಲ್ಯದ ನ್ಯುಮೋನಿಯವೋ ನಾಯಿಕೆಮ್ಮೋ ನಾಳದ ಗೋಡೆಯನ್ನು ಕೆಡಿಸಿದಾಗ ಈ ಸಾಗಾಟ ನಿಲ್ಲುತ್ತದೆ. ಗೋಡೆ ತನ್ನ ಬಿಗಿ ಕಳೆದುಕೊಂಡು ಹಿಗ್ಗುತ್ತದೆ, ರೋಮಗಳು ನಾಶವಾಗುತ್ತವೆ, ಹರಿಯುತ್ತಿದ್ದ ಕಾಲುವೆ ಹೊಂಡವಾಗುತ್ತದೆ. ನಿಂತ ಲೋಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವನ್ನು ಕೊಲ್ಲಲು ಬಂದ ಬಿಳಿ ರಕ್ತಕಣಗಳು ಸುರಿಸುವ ಕಿಣ್ವಗಳು ಬ್ಯಾಕ್ಟೀರಿಯಾದ ಜೊತೆಗೆ ನಾಳದ ಗೋಡೆಯನ್ನೂ ತಿನ್ನುತ್ತವೆ. ಗೋಡೆ ಕೆಟ್ಟಷ್ಟೂ ಲೋಳೆ ಹೆಚ್ಚು ನಿಲ್ಲುತ್ತದೆ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಪೀಟರ್ ಕೋಲ್ ಅವರು 1986ರಲ್ಲಿ ಇದನ್ನೊಂದು ವಿಷವರ್ತುಲವೆಂದು ವಿವರಿಸಿದರು. ಆಂಟಿಬಯಾಟಿಕ್ ಈ ವರ್ತುಲವನ್ನು ಒಂದು ಕಡೆ ಕಡಿಯುತ್ತದೆ. ಕಫ ತೆಗೆಯುವ ಕ್ರಮ ಇನ್ನೊಂದು ಕಡೆ ಕಡಿಯುತ್ತದೆ. ನಮ್ಮಲ್ಲಿ ಮೊದಲನೆಯದಕ್ಕೆ ಬರವಿಲ್ಲ. ಎರಡನೆಯದನ್ನು ಚೀಟಿಯಲ್ಲಿ ಬರೆದುಕೊಟ್ಟ ವೈದ್ಯರನ್ನು ಆ ಹದಿನೆಂಟು ವರ್ಷಗಳಲ್ಲಿ ನಾನು ಕಾಣಲಿಲ್ಲ.

ಇದು ಒಬ್ಬ ನಿವೃತ್ತ ಮೇಷ್ಟರ ಸ್ವಂತ ಗೋಳು ಎಂದು ಓದುಗರು ತಿಳಿಯಬಾರದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ದೇಶದ 31 ಕೇಂದ್ರಗಳಲ್ಲಿ 2195 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ವಿವರ ಕಲೆಹಾಕಿದ ಅಧ್ಯಯನವೊಂದು 2019ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 35.5ರಷ್ಟು ಮಂದಿಗೆ ಹಿಂದೆ ಕ್ಷಯ ಬಂದಿತ್ತು. ಉಳಿದೆಲ್ಲ ಕಾರಣಗಳಿಗಿಂತ ಇದೇ ದೊಡ್ಡದು. ಬೇರೆ ದೇಶಗಳ ರೋಗಿಗಳಿಗೆ ಹೋಲಿಸಿದರೆ ನಮ್ಮವರ ಕಾಯಿಲೆ ಹೆಚ್ಚು ತೀವ್ರ, ವಯಸ್ಸು ಕಡಿಮೆ. ಮಾರ್ಗಸೂಚಿಗಳು ಹೇಳುವ ಆರೈಕೆ ಅವರಿಗೆ ಸಿಗುತ್ತಿರುವುದು ಅಲ್ಪ ಎಂದೂ ಆ ಅಧ್ಯಯನ ದಾಖಲಿಸಿತು. ಇದರ ಜೊತೆಗೆ ಸೌದೆ ಒಲೆಯ ಮುಂದೆ ಕುಳಿತ ಹೆಂಗಸರು, ಬೀಡಿ ಸೇದಿದ ಗಂಡಸರು, ಕಲ್ಲುಕ್ವಾರಿಯಲ್ಲಿ ದುಡಿದವರು ಇದ್ದಾರೆ. ಇವರೆಲ್ಲರಿಗೂ ಕಫ ತೆಗೆಯುವ ಚಿಕಿತ್ಸೆ ಬೇಕೆಂದಲ್ಲ. ಒಣಕೆಮ್ಮಿನವರಿಗೆ, ಬರೀ ಉಬ್ಬಸದವರಿಗೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಆದರೆ ದಿನವೂ ಕಫ ಬರುವವರು ಯಾರೇ ಆಗಲಿ, ಅವರು ಈ ವಿದ್ಯೆಗೆ ಹಕ್ಕುದಾರರು.

ಹಿಗ್ಗಿದ ಶ್ವಾಸನಾಳವನ್ನು ಮೊದಲು ವರ್ಣಿಸಿದವರು ಫ್ರಾನ್ಸಿನ ಲೆನೆಕ್, 1819ರಲ್ಲಿ. ಸ್ಟೆತಾಸ್ಕೋಪನ್ನು ಕಂಡುಹಿಡಿದವರೂ ಅವರೇ. ಅದೇ ಸ್ಟೆತಾಸ್ಕೋಪಿನಿಂದ ಎಷ್ಟೋ ಜನರ ಎದೆಯಲ್ಲಿ ಕ್ಷಯವನ್ನು ಗುರುತಿಸಿ ಕೊನೆಗೆ ಅವರೂ ಕ್ಷಯದಿಂದಲೇ ತೀರಿಕೊಂಡರು. 1901ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಇವಾರ್ಟ್, ರೋಗಿಯನ್ನು ಇಂಥಿಂಥ ಭಂಗಿಯಲ್ಲಿ ಮಲಗಿಸಿದರೆ ಕಫ ತಾನಾಗಿ ಇಳಿದು ಬರುತ್ತದೆ ಎಂದು ‘ಲ್ಯಾನ್ಸೆಟ್’ನಲ್ಲಿ ಬರೆದರು. ಕೆಟ್ಟ ಭಾಗ ಮೇಲಿರಬೇಕು, ಗಂಟಲು ಕೆಳಗಿರಬೇಕು; ಉಳಿದದ್ದನ್ನು ಗುರುತ್ವಾಕರ್ಷಣೆ ನೋಡಿಕೊಳ್ಳುತ್ತದೆ. ಮುಂದೆ ಇದಕ್ಕೆ ಅಂಗೈ ಬಟ್ಟಲು ಮಾಡಿ ಬೆನ್ನು ತಟ್ಟುವುದು ಸೇರಿಕೊಂಡಿತು. ಬಹುಕಾಲ ಇದೇ ಚಿಕಿತ್ಸೆಯಾಗಿತ್ತು. ಅದರ ದೊಡ್ಡ ತೊಡಕೆಂದರೆ ತಟ್ಟಲು ಇನ್ನೊಬ್ಬರು ಬೇಕು, ದಿನಕ್ಕೆರಡು ಸಲ, ಪ್ರತಿ ದಿನ. ಹೆಂಡತಿ, ತಾಯಿ, ಮಗಳು ಎಷ್ಟು ವರ್ಷ ತಟ್ಟಿಯಾರು? ತಲೆ ಕೆಳಗಾಗಿ ಮಲಗುವುದು ಎಲ್ಲರಿಗೂ ಒಗ್ಗುವುದೂ ಇಲ್ಲ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತದೆ.

ರೋಗಿಯನ್ನು ಇನ್ನೊಬ್ಬರ ಕೈಯಿಂದ ಬಿಡಿಸಿದ್ದು ಒಂದು ಸರಳ ಉಸಿರು. ನ್ಯೂಜಿಲೆಂಡಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ಈ ಕ್ರಮವನ್ನು ಬ್ರಾಂಪ್ಟನ್ ಆಸ್ಪತ್ರೆಯ ಫಿಸಿಯೋಥೆರಪಿಸ್ಟರಾದ ಜೆನ್ನಿಫರ್ ಪ್ರಯರ್, ಬಾರ್ಬರಾ ವೆಬ್ಬರ್ ಮತ್ತು ಅವರ ಸಂಗಡಿಗರು ಪರೀಕ್ಷೆಗೊಡ್ಡಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಾಯಕರಿಲ್ಲದೆಯೇ, ಕಡಿಮೆ ಸಮಯದಲ್ಲಿ, ಹೆಚ್ಚು ಕಫ ಹೊರಬಂದಿತ್ತು. ಇಂಗ್ಲಿಷಿನಲ್ಲಿ ಇದನ್ನು ‘ಹಫ್’ ಎನ್ನುತ್ತಾರೆ. ನಮ್ಮವರಿಗೆ ವಿವರಿಸುವುದು ಇನ್ನೂ ಸುಲಭ: ಕನ್ನಡಕದ ಗಾಜು ಒರೆಸುವ ಮುನ್ನ ಬಾಯಿ ತೆರೆದು ‘ಹಾ’ ಎಂದು ಉಸಿರು ಬಿಡುತ್ತೇವಲ್ಲ, ಅದೇ. ಮೊದಲು ಭುಜ ಸಡಿಲಿಸಿ ಮೆಲ್ಲಗೆ ಉಸಿರಾಡಬೇಕು. ಆಮೇಲೆ ಮೂರು ನಾಲ್ಕು ಬಾರಿ ಆಳವಾಗಿ ಉಸಿರೆಳೆದು, ಎರಡು ಮೂರು ಸೆಕೆಂಡು ತಡೆದು, ಒತ್ತಡವಿಲ್ಲದೆ ಬಿಡಬೇಕು. ಹೀಗೆ ತಡೆದಾಗ ಗಾಳಿಯು ಪಕ್ಕದ ಗಾಳಿಚೀಲಗಳ ನಡುವಿನ ಕಿರುರಂಧ್ರಗಳ ಮೂಲಕ ನುಸುಳಿ ಕಫದ ಹಿಂಬದಿಗೆ ಹೋಗುತ್ತದೆ. ಮುಚ್ಚಳ ತೆಗೆಯಬೇಕಾದರೆ ಮುಚ್ಚಳದ ಒಳಗಡೆ ಗಾಳಿ ಇರಬೇಕಷ್ಟೆ. ಆ ಬಳಿಕ ಒಂದೆರಡು ‘ಹಾ’. ಮತ್ತೆ ಮೆಲ್ಲಗಿನ ಉಸಿರಾಟ. ಹೀಗೆ ಸುತ್ತು ಸುತ್ತಾಗಿ ಹದಿನೈದು ಇಪ್ಪತ್ತು ನಿಮಿಷ.

ಇದರ ಭೌತಶಾಸ್ತ್ರ ನನ್ನನ್ನು ಬೆರಗುಗೊಳಿಸಿತು. ರಭಸದಿಂದ ಉಸಿರು ಬಿಡುವಾಗ ಎದೆಯೊಳಗಿನ ಒತ್ತಡ ಗಾಳಿಚೀಲವನ್ನು ಹಿಂಡುವಂತೆಯೇ ಶ್ವಾಸನಾಳವನ್ನೂ ಹೊರಗಿನಿಂದ ಅದುಮುತ್ತದೆ. ನಾಳದ ಒಳಗಿನ ಒತ್ತಡ ಬಾಯಿಯತ್ತ ಬಂದಂತೆ ಇಳಿಯುತ್ತಾ ಹೋಗುತ್ತದೆ. ಒಂದೆಡೆ ಒಳಗಿನದೂ ಹೊರಗಿನದೂ ಸಮನಾಗುತ್ತವೆ. ಅಲ್ಲಿಂದ ಬಾಯಿಯ ಕಡೆಗೆ ನಾಳ ಕಿರಿದಾಗುತ್ತದೆ. ಕಿರಿದಾದ ಕೊಳವೆಯಲ್ಲಿ ಅಷ್ಟೇ ಗಾಳಿ ಹೆಚ್ಚು ವೇಗದಿಂದ ಹರಿಯಬೇಕು. ಆ ವೇಗವೇ ಗೋಡೆಗಂಟಿದ ಕಫವನ್ನು ಕಿತ್ತು ಮುಂದಕ್ಕೆ ತಳ್ಳುತ್ತದೆ. ತೋಟಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರೆಮುಚ್ಚುವವರಿಗೆಲ್ಲ ಇದು ಗೊತ್ತು. ಎದೆ ತುಂಬ ಗಾಳಿ ಇದ್ದಾಗ ಈ ಸಮಬಿಂದು ದೊಡ್ಡ ನಾಳಗಳಲ್ಲಿರುತ್ತದೆ. ಗಾಳಿ ಕಡಿಮೆಯಾದಂತೆ ಒಳಕ್ಕೆ, ಸಣ್ಣ ನಾಳಗಳತ್ತ ಸರಿಯುತ್ತದೆ. ಆದ್ದರಿಂದ ಅರ್ಧ ಉಸಿರಿನಿಂದ ಹೊರಟ ದೀರ್ಘ ‘ಹಾ’ ಆಳದ ಕಫವನ್ನು ಎತ್ತುತ್ತದೆ, ತುಂಬು ಉಸಿರಿನ ಚುಟುಕು ‘ಹಾ’ ಗಂಟಲ ಸಮೀಪದ್ದನ್ನು ಹೊರಹಾಕುತ್ತದೆ. ಹಿಗ್ಗಿ ಸಡಿಲಾದ ನಾಳಗಳುಳ್ಳವರು ಕುತ್ತಿಗೆಯ ನರ ಉಬ್ಬುವಂತೆ ಕೆಮ್ಮಿದರೆ ನಾಳ ಪೂರ್ತಿ ಮುಚ್ಚಿಕೊಂಡು ಕಫ ಅಲ್ಲೇ ಸಿಕ್ಕಿಬೀಳುತ್ತದೆ. ಅರ್ಧ ಗಂಟೆ ಕೆಮ್ಮಿ ಸುಸ್ತಾದರೂ ಏನೂ ಬರದಿರುವುದರ ಗುಟ್ಟು ಇದು. ಕಪಾಲಭಾತಿ ಮಾಡಿದರೆ ಸಾಲದೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಅದರ ಉಸಿರುಗಳು ತುಂಡು ತುಂಡಾದವು, ಮೂಗಿನಿಂದ ಬಿಡುವಂಥವು. ಇದು ಬಾಯಿ ತೆರೆದು ಕೊನೆಯವರೆಗೆ ಎಳೆಯುವಂಥದು. ಯೋಗದ ಮೇಲೆ ನನಗೆ ಗೌರವವಿದೆ. ಆದರೆ ಎರಡೂ ಒಂದೇ ಎನ್ನಲಾರೆ.

ಸಾಧನಗಳ ವಿಷಯಕ್ಕೆ ಬರೋಣ. ನಾಳ ಮುಚ್ಚಿಕೊಳ್ಳದಂತೆ ಒಳಗಿನಿಂದ ಬೆಣೆ ಕೊಟ್ಟ ಹಾಗೆ, ಬಾಯಿಯಲ್ಲಿ ಸ್ವಲ್ಪ ಎದುರೊತ್ತಡ ಒಡ್ಡಿ ಉಸಿರು ಬಿಡಿಸುವುದು ಇವುಗಳ ಮೂಲತತ್ತ್ವ. ಡೆನ್ಮಾರ್ಕಿನವರು ಇದಕ್ಕೊಂದು ಮುಖವಾಡ ಮಾಡಿದರು. ಸ್ವಿಟ್ಜರ್ಲೆಂಡಿನಿಂದ ‘ಫ್ಲಟರ್’ ಬಂತು: ನೋಡಲು ಚಿಲುಮೆಯಂತೆ, ಒಳಗೊಂದು ಉಕ್ಕಿನ ಗುಂಡು. ಊದಿದಾಗ ಗುಂಡು ಮೇಲೇರುತ್ತದೆ, ಗಾಳಿ ನುಸುಳುತ್ತದೆ, ಗುಂಡು ಬೀಳುತ್ತದೆ. ಸೆಕೆಂಡಿಗೆ ಹಲವು ಸಲ ಹೀಗಾಗುವಾಗ ಹುಟ್ಟುವ ಕಂಪನ ಎದೆಯ ಆಳದವರೆಗೆ ತಲುಪಿ ಅಂಟಿದ ಲೋಳೆಯನ್ನು ಸಡಿಲಿಸುತ್ತದೆ. ಗುಂಡು ಗುರುತ್ವಾಕರ್ಷಣೆಗೆ ಬದ್ಧವಾದ್ದರಿಂದ ಅದನ್ನು ಹಿಡಿಯುವ ಕೋನ ಮುಖ್ಯ. ‘ಅಕಪೆಲ್ಲಾ’ ಎಂಬುದರಲ್ಲಿ ಗುಂಡಿನ ಬದಲು ಅಯಸ್ಕಾಂತವಿದೆ, ಮಲಗಿಯೂ ಬಳಸಬಹುದು. ಈ ಜಾತಿಯ ಸಾಧನಗಳು ನಮ್ಮಲ್ಲಿ ಕೆಲವು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ದಿನವೂ ತೊಳೆದಿಟ್ಟುಕೊಂಡರೆ ಬಹುಕಾಲ ಬರುತ್ತವೆ.

ಆಮೇಲೆ ಯಂತ್ರಗಳು. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ವಾರೆನ್ ವಾರ್ವಿಕ್ ಮತ್ತು ಲೀಲಂಡ್ ಹ್ಯಾನ್ಸೆನ್ 1980ರ ದಶಕದಲ್ಲಿ ರೂಪಿಸಿದ ಕಂಪಿಸುವ ಅಂಗಿ ಇವುಗಳಲ್ಲಿ ಪ್ರಸಿದ್ಧವಾದದ್ದು. ಗಾಳಿ ತುಂಬುವ ಒಂದು ಕೋಟು, ಅದಕ್ಕೆ ಎರಡು ಕೊಳವೆ, ಕೊಳವೆಯ ತುದಿಯಲ್ಲಿ ಒಂದು ಯಂತ್ರ. ಸೆಕೆಂಡಿಗೆ ಐದರಿಂದ ಇಪ್ಪತ್ತು ಬಾರಿ ಅದು ಎದೆಯನ್ನು ಅದುಮಿ ಬಿಡುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳಿಗೆಂದು ಇದು ಹುಟ್ಟಿತು. ಬೆನ್ನು ತಟ್ಟುವವರಿಲ್ಲದ ಮಗು ತಾನೇ ಅಂಗಿ ತೊಟ್ಟು ಕುಳಿತುಕೊಳ್ಳಬಹುದಲ್ಲ ಎಂಬ ಕರುಣೆ ಅದರ ಹಿಂದೆ ಇತ್ತು. ಇಂದು ಇದೇ ಯಂತ್ರವನ್ನು ಲಕ್ಷಗಳ ಬೆಲೆಗೆ ನಮ್ಮ ನಗರಗಳಲ್ಲೂ ಮಾರುತ್ತಾರೆ. ನನ್ನ ಮನೆಗೂ ಒಬ್ಬ ಪ್ರತಿನಿಧಿ ಬಂದಿದ್ದರು. ಹೊಳೆಯುವ ಕಾಗದದ ಮೇಲೆ ಅಚ್ಚಾದ ಪುಸ್ತಿಕೆಯಲ್ಲಿ ಎಲ್ಲವೂ ಇತ್ತು. ಒಂದು ಸಂಗತಿ ಮಾತ್ರ ಇರಲಿಲ್ಲ. ಕೆನಡಾದ 12 ಕೇಂದ್ರಗಳಲ್ಲಿ ಈ ಅಂಗಿಯನ್ನೂ ಎದುರೊತ್ತಡದ ಸಾದಾ ಮುಖವಾಡವನ್ನೂ ಒಂದು ವರ್ಷ ಕಾಲ ಹೋಲಿಸಿ ನೋಡಿದರು. 107 ಮಂದಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳು ಸೇರಿದ್ದ ಆ ಪ್ರಯೋಗದ ಫಲಿತಾಂಶ 2013ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ಬಂತು. ಮುಖವಾಡ ಬಳಸಿದವರಿಗೆ ಕಾಯಿಲೆ ಉಲ್ಬಣಿಸಿದ್ದು ವರ್ಷಕ್ಕೆ ಸರಾಸರಿ 1.14 ಬಾರಿ, ಅಂಗಿ ತೊಟ್ಟವರಿಗೆ 2 ಬಾರಿ. ನನ್ನಂಥವರ ಕಾಯಿಲೆ ಬೇರೆ, ಆದ್ದರಿಂದ ಈ ಅಂಕಿಗಳನ್ನು ಹಾಗೆಯೇ ನಮಗೆ ಅನ್ವಯಿಸಲಾಗದು. ಬೆಲೆ ಹೆಚ್ಚಿದ್ದಷ್ಟೂ ಗುಣ ಹೆಚ್ಚು ಎಂಬ ನಂಬಿಕೆಯನ್ನು ಮಾತ್ರ ಅವು ಚೆನ್ನಾಗಿ ಅಲುಗಿಸುತ್ತವೆ.

ಇನ್ನೊಂದು ಯಂತ್ರವನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ತುಂಬಿ, ಮರುಕ್ಷಣವೇ ಹೀರಿ, ಕೃತಕವಾಗಿ ಕೆಮ್ಮಿಸುವ ‘ಕಾಫ್ ಅಸಿಸ್ಟ್’ ಅದು. 1950ರ ದಶಕದಲ್ಲಿ ಪೋಲಿಯೋ ರೋಗಿಗಳಿಗಾಗಿ ಇದರ ಪೂರ್ವಜ ಹುಟ್ಟಿತು. ಸ್ನಾಯುಗಳು ಸೋತವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಅದು ನಿಜವಾಗಿ ಪ್ರಾಣ ಉಳಿಸುವ ಯಂತ್ರ. ಅವರಿಗೆ ಕೆಮ್ಮುವ ಬಲವೇ ಇರುವುದಿಲ್ಲ. ಬಲವಾಗಿ ಕೆಮ್ಮಬಲ್ಲ ಬ್ರಾಂಕಿಯೆಕ್ಟಾಸಿಸ್ ರೋಗಿಗೆ ಅದರ ಅಗತ್ಯ ಸಾಮಾನ್ಯವಾಗಿ ಇಲ್ಲ. ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳಿದ್ದವರಿಗೆ, ಎದೆಗೂಡಿನಲ್ಲಿ ಗಾಳಿ ಸೋರಿದವರಿಗೆ ಅದು ಅಪಾಯಕಾರಿಯೂ ಆಗಬಹುದು. ಕಫದಲ್ಲಿ ರಕ್ತ ಬರುತ್ತಿರುವಾಗಂತೂ ತಟ್ಟುವುದು, ಕಂಪಿಸುವುದು, ಊದುವುದು ಎಲ್ಲವನ್ನೂ ನಿಲ್ಲಿಸಿ ಮೊದಲು ವೈದ್ಯರನ್ನು ಕಾಣಬೇಕು. ಹಳೆಯ ಕ್ಷಯದವರಲ್ಲಿ ರಕ್ತ ಕಾಣಿಸಿಕೊಳ್ಳುವುದು ಅಪರೂಪವಲ್ಲವಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಯಾವ ಕ್ರಮ ಉತ್ತಮ? ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ 2017ರ ಮಾರ್ಗಸೂಚಿಯಲ್ಲಿ, ದೀರ್ಘಕಾಲ ಕಫದ ಕೆಮ್ಮು ಇರುವವರಿಗೆ ತರಬೇತಾದ ಫಿಸಿಯೋಥೆರಪಿಸ್ಟರು ಯಾವುದಾದರೊಂದು ವಿಧಾನ ಕಲಿಸಬೇಕು, ಅದನ್ನು ದಿನಕ್ಕೆ ಒಂದೆರಡು ಬಾರಿ ಮಾಡಬೇಕು ಎಂದಿದೆ. ಇಂಥದೇ ಯಂತ್ರ ಎಂದು ಹೇಳಿಲ್ಲ. ಆಧಾರಗಳು ಇನ್ನೂ ಬಲವಾಗಿಲ್ಲ ಎಂದೂ ಪ್ರಾಮಾಣಿಕವಾಗಿ ಒಪ್ಪಿಕೊಂಡಿದೆ. ಇಲ್ಲಿ ನಡೆದಿರುವ ಪ್ರಯೋಗಗಳು ಚಿಕ್ಕವು. ಔಷಧಿ ಕಂಪನಿಗಳು ಕೋಟಿಗಟ್ಟಲೆ ಸುರಿಯುವಂತೆ ‘ಹಾ’ ಎಂಬ ಉಸಿರಿನ ಮೇಲೆ ಹಣ ಹೂಡುವವರು ಯಾರು? ಆದರೂ 2018ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು ನೆನಪಿಡತಕ್ಕದ್ದು. 44 ರೋಗಿಗಳಲ್ಲಿ ಅರ್ಧ ಮಂದಿ ಒಂದು ಮಗ್ಗುಲಿಗೆ ಮಲಗಿ ಗಂಟಲು ತೆರೆದು ನಿಧಾನವಾಗಿ ಉಸಿರು ಬಿಡುವ ಕ್ರಮವನ್ನು ದಿನಕ್ಕೆರಡು ಸಲ ಒಂದು ವರ್ಷ ಮಾಡಿದರು. ಉಳಿದವರು ಬರಿಯ ಮೈಸಡಿಲಿಸುವ ವ್ಯಾಯಾಮ ಮಾಡಿದರು. ಮೊದಲಿನವರಿಗೆ ಕಾಯಿಲೆ ಉಲ್ಬಣಿಸಿದ್ದು ಕಡಿಮೆ. ಅವರ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ.

ಕಷ್ಟವಿರುವುದು ‘ದಿನವೂ’ ಎಂಬ ಮಾತಿನಲ್ಲಿ. ವಾರ್ವಿಕ್ ಅವರ ಬಗ್ಗೆ ಅತುಲ್ ಗವಾಂಡೆ 2004ರಲ್ಲಿ ಬರೆದ ಲೇಖನದಲ್ಲಿ ಒಂದು ಲೆಕ್ಕ ಬರುತ್ತದೆ. ಚಿಕಿತ್ಸೆ ಮಾಡಿಕೊಳ್ಳದ ದಿನ ರೋಗಿ ಕಾಯಿಲೆ ಬೀಳದೆ ಉಳಿಯುವ ಸಾಧ್ಯತೆ ಶೇ 99.5, ಮಾಡಿಕೊಂಡ ದಿನ ಶೇ 99.95 ಎಂದಿಟ್ಟುಕೊಳ್ಳಿ. ಒಂದು ದಿನದ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ ಎನಿಸುತ್ತದೆ. ಆದರೆ 365 ದಿನಗಳಿಗೆ ಗುಣಿಸುತ್ತಾ ಹೋಗಿ: ವರ್ಷವಿಡೀ ಆರೋಗ್ಯವಾಗಿರುವ ಸಾಧ್ಯತೆ ಮೊದಲನೆಯವರಿಗೆ ಶೇ 16, ಎರಡನೆಯವರಿಗೆ ಶೇ 83. ನಾನು ಕ್ಯಾಲ್ಕುಲೇಟರಿನಲ್ಲಿ ಎರಡೆರಡು ಬಾರಿ ಮಾಡಿ ನೋಡಿದೆ, ಸರಿಯಾಗಿಯೇ ಇದೆ. ಇಂದು ಬಿಟ್ಟರೆ ನಾಳೆ ಏನೂ ಆಗುವುದಿಲ್ಲ. ಎಂದೇ ಇದನ್ನು ಬಿಡುವುದು ಇಷ್ಟು ಸುಲಭ. ಎಂದೇ ಒಮ್ಮೆ ಕಲಿಸಿ ಕಳಿಸಿದರೆ ಸಾಲದು, ಆರು ತಿಂಗಳಿಗೊಮ್ಮೆ ಕರೆದು ‘ಮಾಡಿ ತೋರಿಸಿ’ ಎನ್ನುವವರು ಬೇಕು.

ನಮ್ಮ ಸಮಾಜದ ಸಂಕೋಚವೂ ಇದಕ್ಕೆ ಅಡ್ಡ ಬರುತ್ತದೆ. ಕಂಡಲ್ಲಿ ಉಗುಳುವ ಗಂಡಸಿಗೆ ನಾಚಿಕೆಯಿಲ್ಲ. ಬಚ್ಚಲಲ್ಲಿ ಕ್ಯಾಕರಿಸುವ ಸೊಸೆಗೆ ಮನೆಯಿಡೀ ಕಿವಿ. ಕೆಮ್ಮನ್ನು ಸೆರಗಿನಲ್ಲಿ ಅದುಮಿ, ಕಫವನ್ನು ನುಂಗಿ, ಏನೂ ಆಗಿಲ್ಲವೆಂಬಂತೆ ಬಡಿಸುವ ಹೆಂಗಸರನ್ನು ನಾನು ನಮ್ಮ ಬಂಧುಬಳಗದಲ್ಲಿಯೇ ಕಂಡಿದ್ದೇನೆ. ಸಭ್ಯತೆಗೆಂದು ಕೆಮ್ಮನ್ನು ಸದಾ ತಡೆಹಿಡಿಯುವುದರಿಂದಲೇ ಕೆಲವು ವಯಸ್ಸಾದ ಮಹಿಳೆಯರ ಶ್ವಾಸಕೋಶದ ಒಂದು ಭಾಗ ಸೋಂಕಿಗೆ ತುತ್ತಾಗುತ್ತದೆಯೇ ಎಂಬ ಶಂಕೆಯನ್ನು 1992ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಮುಂದಿಟ್ಟಿದ್ದರು. ಅದು ಸಿದ್ಧವಾದ ಮಾತಲ್ಲ. ಆದರೆ ಕಫ ಒಳಗೇ ಉಳಿದರೆ ಕೇಡು ಎಂಬುದರಲ್ಲಿ ಶಂಕೆಯಿಲ್ಲ. ಕಫ ತುಂಬಿದ ಎದೆಗೆ ಕೆಮ್ಮು ಅಡಗಿಸುವ ಸಿರಪ್ ಕುಡಿಸುವುದೂ ಇದೇ ಕೇಡಿನ ಇನ್ನೊಂದು ರೂಪ. ಕೆಮ್ಮು ನಿಂತಿತೆಂದು ಮನೆಯವರು ನೆಮ್ಮದಿಯಿಂದ ಮಲಗುತ್ತಾರೆ. ಕಫ ಇದ್ದಲ್ಲಿಯೇ ಇರುತ್ತದೆ.

2025ರ ಆಗಸ್ಟಿನಲ್ಲಿ ಅಮೆರಿಕ ಬ್ರೆನ್ಸೊಕ್ಯಾಟಿಬ್ ಎಂಬ ಮಾತ್ರೆಗೆ ಅನುಮತಿ ನೀಡಿತು. ಬ್ರಾಂಕಿಯೆಕ್ಟಾಸಿಸ್‌ಗೆಂದೇ ಅನುಮೋದನೆ ಪಡೆದ ಮೊದಲ ಔಷಧಿ ಅದು. ಬಿಳಿ ರಕ್ತಕಣಗಳ ಹಾವಳಿಯನ್ನು ತಗ್ಗಿಸುತ್ತದೆ. ಪ್ರಯೋಗಗಳಲ್ಲಿ ಕಾಯಿಲೆಯ ಉಲ್ಬಣವನ್ನು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆ ಮಾಡಿದೆ. ಸಂತೋಷದ ಸುದ್ದಿಯೇ. ಆದರೆ ಅದು ಕಫವನ್ನು ಹೊರಕ್ಕೆ ಸಾಗಿಸುವುದಿಲ್ಲ. ಆ ಕೆಲಸ ಮೊದಲಿನಂತೆ ರೋಗಿಯದೇ.

ನಾನು ಕೇಳುತ್ತಿರುವುದು ಹೊಸ ಯೋಜನೆಯನ್ನೂ ಅಲ್ಲ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಿದ ಸರ್ಕಾರ ಈ ರೋಗಿಗಳನ್ನು ಮರೆತಿದೆ ಎನ್ನಲಾರೆ. ಚಿಕಿತ್ಸೆ ಮುಗಿದವರನ್ನು 6, 12, 18 ಮತ್ತು 24ನೇ ತಿಂಗಳಲ್ಲಿ ಮತ್ತೆ ನೋಡಬೇಕು ಎಂದು 2016ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿಯೇ ಇದೆ. ರೋಗ ಮರುಕಳಿಸಿದೆಯೇ ಎಂದು ತಿಳಿಯುವುದು ಆ ನಾಲ್ಕು ಭೇಟಿಗಳ ಉದ್ದೇಶ. ಅದೇ ಭೇಟಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಬಾರದೇಕೆ? ದಿನವೂ ಕಫ ಬರುತ್ತಿದೆಯೇ, ಎಷ್ಟು, ಯಾವ ಬಣ್ಣದ್ದು? ಹೌದೆಂದವರನ್ನು ಫಿಸಿಯೋಥೆರಪಿಸ್ಟರ ಬಳಿಗೆ ಕಳಿಸಬೇಕು. ಫಿಸಿಯೋಥೆರಪಿ ಎಂದರೆ ಮಂಡಿನೋವು, ಬೆನ್ನುನೋವು, ಪಾರ್ಶ್ವವಾಯು ಎಂದೇ ನಮ್ಮ ಜನ ತಿಳಿದಿದ್ದಾರೆ. ಆಸ್ಪತ್ರೆಗಳು ನೇಮಕ ಮಾಡಿಕೊಳ್ಳುವುದೂ ಬಹುಮಟ್ಟಿಗೆ ಅದಕ್ಕೇ. ಕಫ ತೆಗೆಸುವುದು ಅವರ ಪಠ್ಯದಲ್ಲಿರುವ ವಿಷಯವೇ. ವರ್ಷವರ್ಷವೂ ನೂರಾರು ಮಂದಿ ಈ ಪದವಿ ಪಡೆದು ಹೊರಬರುವ ರಾಜ್ಯ ನಮ್ಮದು. ಇವರ ವೃತ್ತಿಯನ್ನು ಕ್ರಮಗೊಳಿಸಲು 2021ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿದೆ. ಜಿಲ್ಲೆಯ ಕ್ಷಯ ಕೇಂದ್ರಕ್ಕೆ ವಾರಕ್ಕೊಂದು ದಿನ ಒಬ್ಬರು ಹೋಗಿ ಕುಳಿತರೂ ಆರಂಭವಾಯಿತು. ನಮ್ಮ ಆರೋಗ್ಯ ವಿಮೆಗಳು ಬಹುಪಾಲು ಹಾಸಿಗೆ ಹಿಡಿದು ದಾಖಲಾದವರಿಗಾಗಿ ರೂಪುಗೊಂಡವು. ಪ್ರತಿ ಬಾರಿ ದಾಖಲಾದಾಗಲೂ ಸಾವಿರಾರು ರೂಪಾಯಿ ಕೊಡುವವರು, ದಾಖಲಾಗದಂತೆ ತಡೆಯಬಹುದಾದ ಒಂದು ಊದುಸಾಧನಕ್ಕೆ ಕೊಡುವುದಿಲ್ಲ.

ಅದೂ ಕೊಳ್ಳಲಾಗದವರಿಗೆ ಇನ್ನೊಂದು ದಾರಿಯಿದೆ. ಅನೇಕ ದೇಶಗಳ ಮಕ್ಕಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವಂಥದು. ಒಂದು ಬಾಟಲಿ, ಅದರಲ್ಲಿ ಹತ್ತು ಸೆಂಟಿಮೀಟರ್ ನೀರು, ತಳದವರೆಗೆ ಇಳಿಬಿಟ್ಟ ಒಂದು ಕೊಳವೆ. ಕೊಳವೆಯಲ್ಲಿ ಊದಿ ಗುಳ್ಳೆ ಎಬ್ಬಿಸಬೇಕಾದರೆ ಹತ್ತು ಸೆಂಟಿಮೀಟರ್ ನೀರಿನ ಒತ್ತಡವನ್ನು ಗೆಲ್ಲಲೇಬೇಕು. ಬಾಟಲಿ ಅಗಲವಿರಲಿ ಕಿರಿದಾಗಿರಲಿ, ಒತ್ತಡವನ್ನು ನಿರ್ಧರಿಸುವುದು ನೀರಿನ ಆಳ ಮಾತ್ರ. ಬೇಕಾದ ಎದುರೊತ್ತಡ ಅಲ್ಲೇ ಸಿಕ್ಕಿತು, ಗುಳ್ಳೆಗಳಿಂದ ಕಂಪನವೂ ಸಿಕ್ಕಿತು. ಕೊಳವೆಯ ಒಳವ್ಯಾಸ ಎಂಟು ಮಿಲಿಮೀಟರಿಗೆ ಕಡಿಮೆ ಇರಬಾರದು, ಇಲ್ಲದಿದ್ದರೆ ಕೊಳವೆಯದೇ ಅಡಚಣೆ ಸೇರಿ ಒತ್ತಡ ಏರುತ್ತದೆ. ತಂಪು ಪಾನೀಯದ ಸ್ಟ್ರಾ ನಡೆಯದು. ಬಾಟಲಿಯ ಬಾಯಿಯನ್ನು ಮುಚ್ಚಬಾರದು. ಎಷ್ಟು ಉಸಿರು, ನಡುವೆ ಎಷ್ಟು ‘ಹಾ’ ಎಂಬುದನ್ನು ಕಲಿತವರಿಂದಲೇ ಒಮ್ಮೆ ತಿಳಿದುಕೊಳ್ಳಬೇಕು. ನೀರನ್ನು ದಿನವೂ ಚೆಲ್ಲಿ, ಬಾಟಲಿ ಕೊಳವೆ ಎರಡನ್ನೂ ತೊಳೆದು ಒಣಗಿಸಿಡಬೇಕು. ಕಫದಲ್ಲಿ ಮನೆ ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ನಿಂತ ನೀರಿನಲ್ಲೂ ಸೊಗಸಾಗಿ ಬೆಳೆಯುತ್ತವೆ.